ಕೋವಿ ಮನೆಯ ಕೋವಿ

ಹುಲಿಯೂರುದುರ್ಗದಲ್ಲಿ ಹನುಮಂತರಾಜುವಿನ ಮನೆ ಎಲ್ಲಿ ಎಂದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕೋವಿ ಮನೆ ಎಂದರೆ ಎಮ್ಮೆ ಮೇಯಿಸುವವರೂ ದಾರಿ ತೋರಿಸುತ್ತಾರೆ. ಲಗ್ನಪತ್ರಿಕೆಯಲ್ಲಿ ಕೋವಿ ಮನೆ, ಪೋಸ್ಟಿನವನ ಬಾಯಲ್ಲಿ ಕೋವಿ ಮನೆ. ಆ ಮನೆಯಲ್ಲಿ ಒನಕೆ ಇತ್ತು, ಒರಳಿತ್ತು, ಎರಡು ಟೀವಿ ಇದ್ದವು. ಇಲ್ಲದ್ದು ಕೋವಿಯೊಂದೇ.

ಒಂದು ಕಾಲಕ್ಕೆ ಅದೂ ಇತ್ತು. ಹನುಮಂತರಾಜುವಿನ ತಾತ ಕೋವಿ ಅಪ್ಪಾಜಿ ಅದನ್ನು ಹೆಗಲಿಗೇರಿಸಿ ಬೇಟೆಗೆ ಹೊರಟರೆ ದುರ್ಗದ ಬೆಟ್ಟದ ಹಂದಿಗಳೆಲ್ಲ ಮಾಗಡಿ ಕಡೆಗೆ ಗುಳೆ ಹೋಗುತ್ತಿದ್ದವಂತೆ. ಆಮೇಲೆ ಒಂದು ದಿನ ಸರ್ಕಾರದವರೇ ಬಾಗಿಲಿಗೆ ಬಂದು ಆ ಕೋವಿಯನ್ನು ತೆಗೆದುಕೊಂಡು ಹೋದರು. "ಸರ್ಕಾರವೇ ಕೇಳಿ ಇಸ್ಕೊಂಡ್ತು ಕಣ್ರಪ್ಪ, ಮರ್ಯಾದೆಗೆ ಕಾಗ್ದ ಕೊಟ್ಟವ್ರೆ" ಎಂದು ತಾತ ಸಾಯುವವರೆಗೂ ಮೀಸೆ ತಿರುವಿ ಹೇಳುತ್ತಿದ್ದರು. ಕೋವಿ ಈಗ ಮೈಸೂರು ಅರಮನೆಯಲ್ಲಿದೆ ಎಂದು ಊರಿನವರು ಆ ಮಾತಿಗೆ ಬಾಲ ಕಟ್ಟಿದ್ದರು.

ಕಾಗದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳಿಗಿಂತ ಒಂದು ಗೇಣು ಮೇಲಕ್ಕೆ ತೂಗುಹಾಕಿದ್ದರು. ಇಂಗ್ಲಿಷಿನ ಬರಹ, ನೀಲಿಯ ಗುಂಡು ಮೊಹರು. ಅರವತ್ತು ವರ್ಷದ ಒಲೆಯ ಹೊಗೆ ಗಾಜಿಗೆ ಹತ್ತಿ, ಮೊಹರೊಂದೇ ಮೋಡದ ಹಿಂದಿನ ಚಂದ್ರನಂತೆ ಕಾಣುತ್ತಿತ್ತು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗಂಗಹನುಮಯ್ಯನವರು ಒಮ್ಮೆ ಸ್ಟೂಲು ಹತ್ತಿ ನೋಡಿ, "ಶೌರ್ಯಕ್ಕೆ ಮೆಚ್ಚಿ ಕೊಟ್ಟ ಪ್ರಶಸ್ತಿ" ಎಂದು ಓದಿ ಹೇಳಿದ್ದರು. ಮೇಷ್ಟ್ರ ಇಂಗ್ಲಿಷು 'ಅಟೆನ್ಷನ್' ದಾಟಿ ಎಷ್ಟು ದೂರ ಹೋಗಿತ್ತೆಂದು ಯಾರೂ ಅಳೆದು ನೋಡಿರಲಿಲ್ಲ.

ಇಂಥ ಮನೆಗೆ ಮತ್ತೆ ಕೋವಿ ತರಬೇಕೆಂಬುದು ಹನುಮಂತರಾಜುವಿನ ಒಂದೇ ಆಸೆ. ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿ, ಕಚೇರಿಗೆ ಅಲೆದು, ಲೈಸೆನ್ಸು ತಂದದ್ದೂ ಆಯಿತು. ಆದರೆ ಯಾವ ಕೋವಿ? "ಬೋಲ್ಟು ಎಳೆಯೋ ರೈಫಲ್ಲೇ ಆಗ್ಬೇಕು. ಬೇಟೆಗೂ ಸೈ ಅನ್ನಿಸ್ಬೇಕು, ಗುಬ್ಬಿ ಕಡೆ ದಸರಾದಲ್ಲಿ ನಡೀತದಲ್ಲ ಗುರಿ ಪಂದ್ಯ, ಅದಕ್ಕೂ ಸೈ ಅನ್ನಿಸ್ಬೇಕು" ಎಂದು ಪಟ್ಟು ಹಿಡಿದ. ನೋಡಿದ್ದೆಲ್ಲ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹೆಣ್ಣು ನೋಡಲು ಒಂದೇ ಮನೆಗೆ ಹೋಗಿ ಒಪ್ಪಿಕೊಂಡು ಬಂದವನು ಕೋವಿ ನೋಡುವುದರಲ್ಲೇ ಎರಡು ವರ್ಷ ಕಳೆದ.

ಆ ಶುಕ್ರವಾರ ಬೆಳಿಗ್ಗೆ, ಮಗಳು ಸುಶ್ಮಿತಾ ಗೂಡಿನಲ್ಲಿದ್ದ ಲೈಸೆನ್ಸ್ ಪುಸ್ತಕದ ಧೂಳು ಒರೆಸುತ್ತಾ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅಪ್ಪಾ, ಕೋವಿ ಕೊಂಡ್ಕೊಳ್ಳೋಕೆ ಕೊಟ್ಟಿರೋ ವಾಯಿದೆ ಇವತ್ತಿಗೆ ಮುಗಿಯುತ್ತೆ. ಇವತ್ತು ತರ್ಲಿಲ್ಲ ಅಂದ್ರೆ ಮತ್ತೆ ಮೊದಲಿಂದ ಅರ್ಜಿ."

ಹನುಮಂತರಾಜುವಿನ ಕೈಯಲ್ಲಿದ್ದ ರಾಗಿರೊಟ್ಟಿ ಕೈಯಲ್ಲೇ ಉಳಿಯಿತು.

"ಇವತ್ತೂ ಬರಿಗೈಲಿ ಬಂದ್ರೆ ನಾನೇ ಮನೆ ಹೆಸ್ರು ಒನಕೆ ಮನೆ ಅಂತ ಬದಲಾಯಿಸ್ತೀನಿ" ಎಂದಳು ಹೆಂಡತಿ ಓಬಳಮ್ಮ. "ಸಾಯಂಕಾಲ ಆರತಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ. ಕೋವಿಗೆ ಎತ್ತಬೇಕೋ ನಿಮ್ಮ ಮುಖಕ್ಕೆ ಎತ್ತಬೇಕೋ, ನೀವೇ ನೋಡಿ."

ಸುದ್ದಿ ಗೋಡೆಯಾಚೆ ಹೋಗುವುದಕ್ಕೆ ಎಷ್ಟು ಹೊತ್ತು? ಗಂಗಹನುಮಯ್ಯ ಮೇಷ್ಟ್ರು ಕ್ಯಾನ್ವಾಸ್ ಷೂ ಕಟ್ಟಿಕೊಂಡು ಬಂದರು. ಓಬಳಮ್ಮನ ತಮ್ಮ ಅಂಜನಪ್ಪ ತನ್ನ ಹಳೆಯ ವ್ಯಾನು ತಂದ. ಆ ವ್ಯಾನಿನ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಇಳಿಯಬೇಕಾದರೆ ದಾರಿಹೋಕರನ್ನು ಬೇಡಿಕೊಳ್ಳಬೇಕಿತ್ತು.

ಕುಣಿಗಲ್ಲಿನಲ್ಲಿ ಹೀಗೆ ಬೇಡಿಕೊಂಡು ಇಳಿದು ಟೀ ಕುಡಿಯುತ್ತಿದ್ದಾಗ ನಾಗಭೂಷಣ್ ಫೋನು ಮಾಡಿದ. ಹನುಮಂತರಾಜು ಊರಿನ 'ಪಂಚಾಯ್ತಿ ಚುನಾವಣೆ ಹೋರಾಟ ಸಮಿತಿ'ಯ ಅಧ್ಯಕ್ಷ, ನಾಗಭೂಷಣ್ ಕಾರ್ಯದರ್ಶಿ. ಅವಧಿ ಮುಗಿದರೂ ಎಲೆಕ್ಷನ್ ಮಾಡಲಿಲ್ಲವೆಂದು ಇಬ್ಬರೂ ಇದೇ ಕುಣಿಗಲ್ಲಿನಲ್ಲಿ ಶಾಮಿಯಾನದಡಿ ಮೂರು ದಿನ ಧರಣಿ ಕೂತಿದ್ದರು. ಪೇಪರಿನಲ್ಲಿ ಫೋಟೋ ಬಂದಿತ್ತು.

"ಅಧ್ಯಕ್ಷರೇ, ಬೆಂಗಳೂರಿಂದ ಏನೋ ಸುದ್ದಿ ಬರೋ ಹಂಗಿದೆ..."

"ಲೋ ನಾಗ, ಇವತ್ತು ಎಲೆಕ್ಷನ್ ಮಾತು ಬ್ಯಾಡ ಕಣೋ. ಕೋವಿ ತರೋಕೆ ಹೊಂಟಿವ್ನಿ" ಎಂದು ಹನುಮಂತರಾಜು ಫೋನನ್ನೇ ಆಫ್ ಮಾಡಿ ಜೇಬಿಗಿಳಿಸಿದ.

ತುಮಕೂರಿನ ಶಿರಾ ಗೇಟ್ ಹತ್ತಿರ ಯೋಗನರಸಿಂಹ ಅವರ ಬಂದೂಕಿನ ಅಂಗಡಿ. ಹಣೆಯಲ್ಲಿ ನಾಮ, ಮೂಗಿನ ತುದಿಯಲ್ಲಿ ಕನ್ನಡಕ. ಎರಡು ವರ್ಷದಲ್ಲಿ ಹನುಮಂತರಾಜುವನ್ನು ಹನ್ನೊಂದು ಸಲ ಕಂಡಿದ್ದ ಅವರು ಹನ್ನೆರಡನೆಯ ಸಲವೂ ನಗುನಗುತ್ತಲೇ ಕುರ್ಚಿ ಎಳೆದರು.

"ಬನ್ನಿ ಯಜಮಾನ್ರೇ. ಇವತ್ತು ಬಂಧು ಬಳಗ ಎಲ್ಲ ಬಂದಿದೆ. ನಿಶ್ಚಯ ಮಾಡ್ಕೊಂಡೇ ಹೋಗ್ತೀರಿ ಅನ್ನಿ."

"ಹೂಂ ಸ್ವಾಮಿ. ಬೇಟೆಗೂ ಗುರಿಗೂ..."

"ಬೇಟೆ ಅನ್ನೋ ಮಾತು ಈ ಅಂಗಡೀಲಿ ಬೇಡಿ! ಕಾನೂನು ಒಪ್ಪಲ್ಲ. ನಿಮ್ಮ ಲೈಸೆನ್ಸಲ್ಲಿರೋದು ಬೆಳೆ ರಕ್ಷಣೆ. ಹೊಲಕ್ಕೆ ಹಂದಿ ಬಂದ್ರೂ ಮೊದ್ಲು ಫಾರೆಸ್ಟ್‌ನೋರ ಅನುಮತಿ ತಗೋಬೇಕು."

"ಅನುಮತಿ ಬರೋಗಂಟ ಹಂದಿ ಕಾಯ್ತದಾ ಸ್ವಾಮಿ?" ಎಂದ ಅಂಜನಪ್ಪ.

"ಹಂದಿನೇ ಕೇಳಿ ನೋಡಿ" ಎಂದು ಅವರು ಬೀರುವಿನ ಬೀಗ ತೆಗೆದರು.

ಮೂರು ರೈಫಲ್ಲು ಮೇಜಿನ ಮೇಲೆ ಬಂದವು. ಯೋಗನರಸಿಂಹ ಒಂದೊಂದರ ಬೋಲ್ಟನ್ನೂ ಬಾಗಿಲ ಚಿಲಕ ತೆಗೆಯುವಂತೆ ಮೇಲಕ್ಕೆತ್ತಿ ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ಬೆರಳಿಟ್ಟು ನೋಡಿ, ಮೂವರಿಗೂ ತೋರಿಸಿದರು.

ಮೇಷ್ಟ್ರು ದಪ್ಪ ನಳಿಗೆಯ ಭಾರದ ರೈಫಲ್ಲಿಗೆ ಕೈ ಹಾಕಿದರು. "ಇದೇ! ಭಾರ ಇದ್ರೆ ಅಲುಗಾಡಲ್ಲ. ಮಲಗಿ ಹೊಡುದ್ರೆ ಗುಂಡಿನ ಹಿಂದೆ ಗುಂಡು ಒಂದೇ ತೂತಲ್ಲಿ ಹೋಗ್ತದೆ. ದಸರಾ ಕಪ್ಪು ನಮ್ಮದೇ."

ಅಂಜನಪ್ಪ ಅದನ್ನು ಎತ್ತಿ ನೋಡಿದ. "ಮೇಷ್ಟ್ರೇ, ಇದನ್ನ ಹೊತ್ಕೊಂಡು ಹೊಲದ ಬದಿನ ಮ್ಯಾಲೆ ಓಡೋದು ಯಾರು? ನೀವಾ? ಹಂದಿ ಕಡ್ಲೇಕಾಯೆಲ್ಲ ತಿಂದು ತೇಗೋ ಹೊತ್ತಿಗೆ ಭಾವ ಇನ್ನೂ ಕೋವಿ ಎತ್ತುತಾ ಇರ್ತಾರೆ. ಈ ಸಣ್ಣದು ತಗೊ ಭಾವ. ಪೊರಕೆ ಇದ್ದಂಗೆ ಹಗುರಕ್ಕದೆ."

"ಪೊರಕೆ ತಗೊಂಡು ಗುರಿ ಪಂದ್ಯಕ್ಕೆ ಹೋಗಕ್ಕಾಗ್ತದೇನ್ಲಾ? ಉಸಿರು ಬಿಟ್ರೆ ಅಲ್ಲಾಡ್ತದೆ!"

"ಕಪ್ಪು ಇಟ್ಕೊಂಡು ಹಂದಿ ಓಡಿಸಕ್ಕಾಗ್ತದಾ ಮೇಷ್ಟ್ರೇ?"

ಹನ್ನೊಂದಕ್ಕೆ ಶುರುವಾದ ವಾದ ಎರಡಕ್ಕೆ ಊಟದ ಹೊತ್ತು ಮೀರಿಸಿತು. ಎತ್ತು ಹಾಲು ಕರೆಯಬೇಕು, ಹಸು ನೊಗ ಎಳೆಯಬೇಕು ಎಂಬಂತಾಯಿತು. ಹನುಮಂತರಾಜು ಗಡಿಯಾರ ನೋಡಿದ. ಅವನ ಕಣ್ಣಿಗೆ ಆರತಿ ತಟ್ಟೆಯೇ ಕಟ್ಟಿದಂತಾಯಿತು. ದನಿ ಇಳಿಸಿ, "ಸ್ವಾಮಿ, ನೀವೇ ಹೇಳಿ ಬುಡಿ" ಎಂದ.

ಯೋಗನರಸಿಂಹ ಎರಡು ವರ್ಷದಿಂದ ಈ ಒಂದು ಮಾತಿಗೇ ಕಾದಿದ್ದರೇನೋ. ಮೂರನೆಯದನ್ನು ಎತ್ತಿ ಕೊಟ್ಟರು. ತೀರ ಭಾರವೂ ಅಲ್ಲ, ಹಗುರವೂ ಅಲ್ಲ, ಅಕ್ರೋಟಿನ ಮರದ ಹಿಡಿ.

"ಎರಡಕ್ಕೂ ಒಂದೇ ಬೇಕು ಅಂದ್ರೆ ನಡುವಿನ ತೂಕದ್ದೇ ಸರಿ. ಮೊದ್ಲು ಅದು ನಿಮ್ಮ ಹೆಗಲಿಗೆ ಹೊಂದ್ಬೇಕು. ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ. ಕಣ್ಣು ಮುಚ್ಚಿ, ಎತ್ತಿ ಹೆಗಲಿಗೆ ಕೊಡಿ, ಆಮೇಲೆ ಕಣ್ಣು ಬಿಡಿ. ನಳಿಗೆ ಮೇಲಿರೋ ಹಿಂದಿನ ಕಚ್ಚಿನ ನಟ್ಟನಡುವೆ ತುದೀಲಿರೋ ಮುಂದಿನ ಮೊಳೆ ಕಂಡ್ರೆ ಅದು ನಿಮ್ದು."

ಹನುಮಂತರಾಜು ಗೋಡೆಗೆ ತಿರುಗಿ ಮನೆದೇವರನ್ನು ನೆನೆದು ಕಣ್ಣು ಮುಚ್ಚಿದ.

"ಎದೆ ಮುಂದೆ! ಎಡಗಾಲು ಎಡಕ್ಕೆ!" ಎಂದು ಮೇಷ್ಟ್ರು ಎಡಭುಜ ಹಿಡಿದು ತಿರುಗಿಸಿದರು.

"ಹಂಗಲ್ಲ ಭಾವ, ಹಂದಿ ಬರೋದು ಹಿಂಗಿಂದ" ಎಂದು ಅಂಜನಪ್ಪ ಬಲಭುಜ ಹಿಡಿದು ಇನ್ನಷ್ಟು ತಿರುಗಿಸಿದ.

ಯೋಗನರಸಿಂಹ "ರೀ, ರೀ" ಎನ್ನುವಷ್ಟರಲ್ಲಿ ಮದುವೆಯ ಗಂಡಿನ ಹಾಗೆ ಪ್ರದಕ್ಷಿಣೆ ಬಂದ ಹನುಮಂತರಾಜು ರೈಫಲ್ಲನ್ನು ಹೆಗಲಿಗೆ ಕೊಟ್ಟ. ನಳಿಗೆ ಅಂಗಡಿಯ ಪರದೆ ಸರಿಸಿ ಬೀದಿಗೆ ಇಣುಕಿತು. ಅವನು ಕಣ್ಣು ಬಿಟ್ಟ. ಹಿಂದಿನ ಕಚ್ಚಿನ ನಟ್ಟನಡುವೆ ಮುಂದಿನ ಮೊಳೆ. ಮೊಳೆಯ ತುದಿಯಲ್ಲಿ ಕೂತ ಹಾಗೆ ಎದುರಿನ ಎಳನೀರು ಮಾರುವ ಚಿಕ್ಕಮಾರಮ್ಮನ ಮುಖ.

"ಹೊಂದ್ತು! ಹೊಂದ್ತು!" ಎಂದು ಹನುಮಂತರಾಜು ಕುಣಿದ. ನಳಿಗೆಯೂ ಕುಣಿಯಿತು.

ಶಿರಾ ಗೇಟಿನಲ್ಲಿ ನಳಿಗೆ ಕಂಡು ಒಬ್ಬ ಬ್ರೇಕು ಹಾಕಿದ್ದೇ ಸಾಕಾಯಿತು. ಸ್ಕೂಟರು ಆಟೋಗೆ ಮುತ್ತಿಟ್ಟಿತು, ಆಟೋ ಬಸ್ಸಿಗೆ ಅಡ್ಡ ನಿಂತಿತು, ಕಂಡಕ್ಟರು ಸೀಟಿನಡಿ ಕೂತೇ ವಿಷಲ್ ಊದಿದ. ಕೈ ಮೇಲೆತ್ತದವಳು ಚಿಕ್ಕಮಾರಮ್ಮ ಒಬ್ಬಳೇ. ಎಳನೀರು ಕೆತ್ತುವ ಮಚ್ಚು ಹಿಡಿದೇ ರಸ್ತೆ ದಾಟಿ ಬಂದಳು.

"ಏನಯ್ಯಾ, ಎಳ್ನೀರು ಬೇಕಾದ್ರೆ ಬಾಯಲ್ಲಿ ಕೇಳಕ್ಕೇನು ರೋಗ? ಕೋವಿ ತೋರಿಸ್ತೀಯಾ? ಬಾ ಈಚೆಗೆ, ನಿನ್ನ ಬುರುಡೆನೇ ಕೆತ್ತಿ ಕೊಡ್ತೀನಿ!"

ಪೊಲೀಸ್ ಜೀಪು ಬಂದಾಗ ಅಂಗಡಿಯೊಳಗೆ ಒಬ್ಬನ ಕೈಯಲ್ಲಿ ಕೋವಿ, ಬಾಗಿಲಲ್ಲಿ ಒಬ್ಬಳ ಕೈಯಲ್ಲಿ ಮಚ್ಚು. ಯಾರನ್ನು ಯಾರಿಂದ ಬಿಡಿಸಬೇಕೆಂದು ಸಾಹೇಬರಿಗೆ ಕ್ಷಣ ಹೊತ್ತು ತಿಳಿಯಲಿಲ್ಲ. ಬೋಲ್ಟು ತೆರೆದೇ ಇದ್ದದ್ದು, ಒಳಗೆ ಗುಂಡಿಲ್ಲದ್ದು, ಲೈಸೆನ್ಸು ಸರಿಯಿದ್ದದ್ದು ಎಲ್ಲ ತೋರಿಸಿ, ಇನ್ನು ಮುಂದೆ ಕಣ್ಣು ಬಿಟ್ಟೇ ಕೋವಿ ಹಿಡಿಯುತ್ತೇನೆಂದು ಬರೆದುಕೊಟ್ಟು, ಆರು ಎಳನೀರು ಕುಡಿದು ಚಿಕ್ಕಮಾರಮ್ಮನಿಗೆ ಸಮಾಧಾನ ಹೇಳುವ ಹೊತ್ತಿಗೆ ನಾಲ್ಕೂವರೆ. ಅಂಗಡಿ ಮುಚ್ಚುವುದು ಐದಕ್ಕೆ. ಐದಕ್ಕೆ ಎರಡು ನಿಮಿಷವಿರುವಾಗ ಯೋಗನರಸಿಂಹ ಲೈಸೆನ್ಸ್ ಪುಸ್ತಕದಲ್ಲಿ ರೈಫಲ್ಲಿನ ನಂಬರು ಬರೆದು ಮೊಹರು ಒತ್ತಿದರು.

"ಹೋಗ್ತಾ ನಿಮ್ಮೂರ ಸ್ಟೇಷನ್ನಿಗೆ ತೋರಿಸಿಬಿಡಿ. ಹೊಸ ಕೋವಿ ಬಂದಿದ್ದನ್ನ ಅವರೂ ಬರ್ಕೋಬೇಕು" ಎಂದು ಹೇಳಿ, ಹೆಣ್ಣು ಒಪ್ಪಿಸಿದ ತಂದೆಯ ಹಾಗೆ ಕನ್ನಡಕ ಒರೆಸಿಕೊಂಡರು.

ದಾರಿಯುದ್ದಕ್ಕೂ ಹನುಮಂತರಾಜು ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ದುರ್ಗದ ಬೆಟ್ಟ ಕಂಡಾಗ ಅದೂ ತನ್ನನ್ನು ನೋಡಲು ಕತ್ತು ಚಾಚಿದೆ ಎನ್ನಿಸಿತು. ಬಸ್‌ಸ್ಟ್ಯಾಂಡಿನ ಹತ್ತಿರ ಬಂದರೆ ಪಟಾಕಿ! ತಮಟೆ! ಇಪ್ಪತ್ತು ಮೂವತ್ತು ಜನ ವ್ಯಾನನ್ನು ಮುತ್ತಿಕೊಂಡು ಹೊರಗಿನಿಂದ ಬಾಗಿಲು ತೆರೆದರು. ಸೇವಂತಿಗೆ ಹಾರವೊಂದು ಕೊರಳಿಗೆ ಬಿತ್ತು.

"ಕೋವಿ ಮನೆ ಹನುಮಂತಣ್ಣಂಗೆ ಜೈ!"

ಹನುಮಂತರಾಜು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ. "ಒಂದು ಕೋವಿಗೆ ಇಷ್ಟೊಂದ್ಯಾಕ್ರಪ್ಪಾ..." ಎಂದ.

"ಕೋವಿಗಲ್ಲ ಅಧ್ಯಕ್ಷರೇ!" ನಾಗಭೂಷಣ್ ಅವನನ್ನು ತಬ್ಬಿಕೊಂಡ. "ಮಧ್ಯಾಹ್ನದಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ನಾವು ಗೆದ್ವಿ! ಎಲೆಕ್ಷನ್ ಡಿಕ್ಲೇರ್ ಆಯ್ತು! ನಾಲ್ಕು ಗಂಟೆಯಿಂದ ನೀತಿ ಸಂಹಿತೆ ಜಾರಿ! ಎಲ್ಲ ನಿಮ್ಮ ಧರಣಿ ಫಲ!"

ತಮಟೆಯವರ ಪಕ್ಕದಲ್ಲಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಗಂಗಾಧರ್ ನಿಂತಿದ್ದರು. ಅವರ ಕೈಯಲ್ಲಿ ಹಾರವಿರಲಿಲ್ಲ.

"ಕಂಗ್ರಾಜುಲೇಷನ್ಸ್ ಹನುಮಂತಣ್ಣ. ಎಲೆಕ್ಷನ್ ಮುಗಿಯೋತನಕ ಲೈಸೆನ್ಸ್ ಕೋವಿ ಎಲ್ಲ ಸ್ಟೇಷನ್ನಲ್ಲಿ ಇಡ್ಬೇಕು, ಗೊತ್ತಲ್ಲ? ನಿಮ್ದು ಹೆಂಗೂ ತೋರ್ಸೋಕೆ ಬರ್ಲೇಬೇಕು. ಕೊಟ್ಟು ರಸೀದಿ ತಗೊಂಡು ಹೋಗ್ಬುಡಿ."

ಜನ ಅವನನ್ನು ಮೆರವಣಿಗೆಯಲ್ಲೇ ಠಾಣೆಗೆ ಕರೆದುಕೊಂಡು ಹೋದರು. ಒಳಗೆ ಹೋಗುವಾಗ ಕೈಯಲ್ಲಿ ಪೆಟ್ಟಿಗೆ, ಕೊರಳಲ್ಲಿ ಹಾರ. ಹೊರಗೆ ಬರುವಾಗ ಹಾರ ಹಾಗೆಯೇ ಇತ್ತು, ಕೈಯಲ್ಲೊಂದು ಕಾಗದ.

ಮನೆಯ ಬಾಗಿಲಲ್ಲಿ ಓಬಳಮ್ಮ ಹೇಳಿದ ಹಾಗೆಯೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಂಡನ ಹಿಂದೆ ನೋಡಿದಳು, ಮುಂದೆ ನೋಡಿದಳು.

"ಎಲ್ರೀ?"

ಹನುಮಂತರಾಜು ಕಾಗದ ಚಾಚಿದ. ಹಚ್ಚಿದ ಆರತಿ ಆರಿಸಬಾರದೆಂದು ಅವಳು ಅದಕ್ಕೇ ಮೂರು ಸುತ್ತು ಎತ್ತಿ ಕುಂಕುಮವಿಟ್ಟಳು.

ಸುಶ್ಮಿತಾ ಕಾಗದವನ್ನು ಕೈಗೆ ತೆಗೆದುಕೊಂಡಳು. ನಾಲ್ಕು ಸಾಲು, ಬಲಗಡೆ ಕೆಳಗೆ ನೀಲಿಯ ಗುಂಡು ಮೊಹರು. ಅವಳ ಕಣ್ಣು ಕಾಗದದಿಂದ ಮೆಲ್ಲಗೆ ಗೋಡೆಯ ಮೇಲಕ್ಕೆ ಹೋಯಿತು. ಸ್ಟೂಲು ಎಳೆದು ಹತ್ತಿ, ತಾತನ ಕಟ್ಟು ಇಳಿಸಿ, ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದಳು. ಅರವತ್ತು ವರ್ಷದ ಹೊಗೆ ಬಟ್ಟೆಗೆ ಬಂತು.

"ಅಪ್ಪಾ, ಓದ್ಲಾ?" ಎಂದು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. "ಚುನಾವಣೆಯ ಪ್ರಯುಕ್ತ ಅಪ್ಪಾಜಿ ಎಂಬುವರಿಂದ ಕೋವಿ ಒಂದನ್ನು ಠಾಣೆಯಲ್ಲಿ ಇರಿಸಿಕೊಳ್ಳಲಾಗಿದೆ. ಚುನಾವಣೆ ಮುಗಿದ ಮೇಲೆ ಈ ರಸೀದಿಯನ್ನು ತಂದು ತೋರಿಸಿ ವಾಪಸ್ಸು ಪಡೆಯತಕ್ಕದ್ದು."

ನಡುಮನೆಯಲ್ಲಿ ಹಲ್ಲಿ ಲೊಚಗುಟ್ಟಿತು. ಎಲ್ಲರೂ ಹೊಸ್ತಿಲಾಚೆ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಬಗ್ಗಿ ತಮ್ಮ ಷೂ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

"ಕಾಗ್ದಕ್ಕೆ ಕಟ್ಟು ಹಾಕ್ಸಿದ್ದಕ್ಕೆ ಕೋವಿ ಬಿಡಿಸ್ಕೊಳ್ಳೋಕೆ ಕಾಗ್ದ ಇಲ್ದಂಗಾಯ್ತಾ!" ಎಂದ ಅಂಜನಪ್ಪ. "ಭಾವ, ಈಗ ತಗೊಂಡೋಗಿ ತೋರ್ಸುದ್ರೆ ಕೊಡ್ತಾರೇನು?"

ಅಷ್ಟರಲ್ಲಿ ಹೊರಗೆ ತಮಟೆಯ ಸದ್ದು ಕೇಳಿ ಬಂದ ಓಣಿಯ ಜನ ಜಗಲಿ ಹತ್ತಿ ಕೂಗತೊಡಗಿದರು. "ಹನುಮಂತಣ್ಣ, ಕೋವಿ ಎಲ್ಲಣ್ಣೋ? ನಮಗೂ ತೋರ್ಸಣ್ಣೋ!"

ಹನುಮಂತರಾಜು ಒಂದು ಗಳಿಗೆ ತಾತನ ಕಾಗದವನ್ನು ನೋಡಿದ, ಒಂದು ಗಳಿಗೆ ತನ್ನದನ್ನು ನೋಡಿದ. ಹಾರ ಸರಿಮಾಡಿಕೊಂಡ. ತಾತ ನಿಲ್ಲುತ್ತಿದ್ದ ಹಾಗೆಯೇ ಹೊಸ್ತಿಲ ಮೇಲೆ ಎದೆ ಎತ್ತಿ ನಿಂತು ಮೀಸೆ ತಿರುವಿದ.

"ಸರ್ಕಾರವೇ ಕೇಳಿ ಇಸ್ಕೊಂಡ್ತು ಕಣ್ರಪ್ಪ" ಎಂದ. "ಮರ್ಯಾದೆಗೆ ಕಾಗ್ದ ಕೊಟ್ಟವ್ರೆ."

ಜನ ಜೈ ಎಂದರು. ನಡುಮನೆಯಲ್ಲಿ ಓಬಳಮ್ಮ ಆಗಲೇ ಇನ್ನೊಂದು ಮೊಳೆ ಹೊಡೆಯುತ್ತಿದ್ದಳು.