ಮಾವ ಕಟ್ಟಿದ ಸೊಟ್ಟ ತಾಜಮಹಲು

ಇಡೀ ಬೆಂಗಳೂರಿನಲ್ಲಿ ನೆಟ್ಟಗಿರುವವರು ನಮ್ಮ ಸೋದರಮಾವ ಒಬ್ಬರೇ. ಇದು ನನ್ನ ಮಾತಲ್ಲ, ಅವರದೇ! ಕೆ.ಆರ್. ಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದವರು ಅವರು. ನಿವೃತ್ತರಾದಾಗ ಕಾರ್ಖಾನೆಯನ್ನು ಅಲ್ಲೇ ಬಿಟ್ಟು ಅಳತೆಯನ್ನು ಮಾತ್ರ ಮನೆಗೆ ತಂದರು. ಎಲ್ಲರೂ ಜೇಬಿನಲ್ಲಿ ಪೆನ್ನಿಟ್ಟರೆ ಇವರು ಇಡುವುದು ಗಾರೆಯವರು ಗೋಡೆಗೆ ಹಿಡಿದು ನೋಡುವ ಪುಟ್ಟ ರಸಮಟ್ಟ.

"ದೋಸೆ ಸ್ವಲ್ಪ ಎಡಕ್ಕೆ ಹೋಗಿದೆ ಕಣೇ," ಎನ್ನುತ್ತಾರೆ ಅತ್ತೆಗೆ.

"ತಟ್ಟೆ ತಿರುಗಿಸ್ಕೊಳ್ಳಿ, ಬಲಕ್ಕೆ ಬರುತ್ತೆ," ಎನ್ನುತ್ತಾರೆ ಅತ್ತೆ.

ಹಲಸೂರಿನ ಒಂದು ಮದುವೆಯಲ್ಲಿ ಮಂಟಪದ ಬಾಳೆಕಂಬ ವಾಲಿದೆಯೆಂದು ಸರಿಪಡಿಸಲು ವೇದಿಕೆ ಹತ್ತಿದರು. ಹತ್ತಿದ್ದು ಯಾವಾಗ ಅಂತೀರಿ? ಸರಿಯಾಗಿ ಮುಹೂರ್ತಕ್ಕೆ! ಇಂದಿಗೂ ಆ ಮದುವೆಯ ವಿಡಿಯೋದಲ್ಲಿ ತಾಳಿ ಕಾಣುವುದಿಲ್ಲ, ಮಾವನ ಬೆನ್ನು ಕಾಣುತ್ತದೆ.

ಇಂಥವರು ಕಾಲೋನಿಯ ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ತಾಜಮಹಲು ಕಟ್ಟಿದರು. ನೋಡಿದವರೆಲ್ಲ ಬೆರಗಾದರು. ನಾಲ್ಕು ಮಿನಾರುಗಳೂ ಸೊಟ್ಟ!

"ಪಾಪ, ವಯಸ್ಸಾಯ್ತು," ಎಂದು ಒಬ್ಬರು ಒಂದನ್ನು ನೆಟ್ಟಗೆ ಮಾಡಿ ಹೋದರು. ಮಾವ ಅದನ್ನು ಮತ್ತೆ ವಾಲಿಸಿದರು. ಇನ್ನೊಬ್ಬರು ಬಂದು ಇನ್ನೊಂದನ್ನು ನೆಟ್ಟಗೆ ಮಾಡಿದರು. ಮಾವ ಅದನ್ನೂ ವಾಲಿಸಿದರು. ಕೊನೆಗೆ ಸಂಘದ ಕಾರ್ಯದರ್ಶಿಗಳೇ ಬಂದರು.

"ಸಾರ್, ನಾಳೆ ಜನ ಬರ್ತಾರೆ. ಕಂಬ ಸರಿ ಮಾಡಿ, ಇಲ್ಲಾಂದ್ರೆ ಬಾಗಿಲ ಹಿಂದೆ ಇಡಿಸ್ತೀನಿ."

"ಅದನ್ನ ಕಟ್ಟಿರೋದೇ ಹಾಗೆ ಕಣ್ರೀ. ಮಿನಾರು ಹೊರಗಡೆಗೆ ವಾಲಿರಬೇಕು. ಭೂಕಂಪ ಆದ್ರೆ ಸಮಾಧಿ ಮೇಲೆ ಬೀಳಬಾರದು ನೋಡಿ."

ಯಾರೂ ನಂಬಲಿಲ್ಲ. ಜೀವಮಾನವಿಡೀ ಊರಿನ ಸೊಟ್ಟ ಹುಡುಕಿದವರ ಅಳತೆಯನ್ನೇ ಊರು ಅನುಮಾನಿಸಿದಾಗ ಮಾವನ ಮುಖ ಬಾಡಿಹೋಯಿತು. ಆ ರಾತ್ರಿ ಊಟವನ್ನೂ ಮಾಡಲಿಲ್ಲ. ನನಗೆ ನಗು ಬರಲಿಲ್ಲ.

ಮಾರನೆಯ ದಿನ ತಾಜಮಹಲು ಬಾಗಿಲ ಹಿಂದೆಯೇ ಇತ್ತು. ಧ್ವಜಾರೋಹಣ ಮುಗಿದು ಜನ ಒಳಗೆ ಬರುತ್ತಿದ್ದಂತೆ, ಸ್ಪೀಕರ್ ಹೊತ್ತು ತಂದವರು ಬಾಗಿಲನ್ನು ಜೋರಾಗಿ ತಳ್ಳಿದರು. ಬಾಗಿಲು ಮೇಜಿಗೆ ಬಡಿಯಿತು. ಭೂಕಂಪವೇ ಆಯಿತು! ನಾಲ್ಕು ಮಿನಾರುಗಳೂ ಉರುಳಿದವು, ನಾಲ್ಕೂ ಹೊರಗಡೆಗೇ. ಗುಮ್ಮಟಕ್ಕೆ ಒಂದು ಗೀರೂ ಬೀಳಲಿಲ್ಲ.

ಸಭಾಂಗಣದ ತುಂಬ ಚಪ್ಪಾಳೆ. ತಾಜಮಹಲನ್ನು ಕಾರ್ಯದರ್ಶಿಗಳೇ ಎತ್ತಿ ತಂದು ಸಭಾಂಗಣದ ನಟ್ಟನಡುವೆ ಇಟ್ಟರು. ಮಾವ ಎದೆಯುಬ್ಬಿಸಿ ನಿಂತರು. ಅವರ ಪರವಾಗಿ ನಾನೂ ಉಬ್ಬಿದೆ!

ಈಗ ಕಾರ್ಯದರ್ಶಿಗಳಿಗೆ ಭಕ್ತಿ ಬಂದಿತ್ತು. ಗುಮ್ಮಟದ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಸಾರ್, ಎರಡು ಸಮಾಧಿ. ಒಂದು ಸರಿಯಾಗಿ ಮಧ್ಯದಲ್ಲಿದೆ, ಇನ್ನೊಂದು ಪಕ್ಕಕ್ಕಿದೆ. ಇದಕ್ಕೂ ಏನೋ ಲೆಕ್ಕ ಇರಬೇಕು."

"ಲೆಕ್ಕ ಏನೂ ಇಲ್ಲ. ಮಧ್ಯದ್ದು ಬೇಗಂದು. ಇಡೀ ಕಟ್ಟಡ ಅವಳಿಗೇ ಅಂತ ಅಳತೆ ಹಾಕಿದ್ದು. ಬಾದಶಹನ್ನ ಆಮೇಲೆ ತಂದು ಪಕ್ಕದಲ್ಲಿ ಮಲಗಿಸಿದ್ರು. ಅಷ್ಟಕ್ಕೇ ಅಳತೆ ಕೆಟ್ಟೋಯ್ತು."

"ನೀವು ಮಾಡುವಾಗಲಾದ್ರೂ ಸರಿ ಮಾಡಬಹುದಿತ್ತಲ್ಲ ಸಾರ್?"

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ನೆಲಕ್ಕೆ ಕೂತು, ಬಿದ್ದ ಮಿನಾರುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸುತ್ತಿದ್ದರು.

"ಇಬ್ಬರೂ ಜೊತೇಲಿದ್ದಾರಲ್ಲ ಕಣ್ರೀ," ಎಂದರು ಮಾವ. "ಇನ್ನು ಅಳತೆ ಯಾವನಿಗೆ ಬೇಕು."