ಸಂದು ಬಿಡದ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದುಬೈಯಲ್ಲಿ ಇಪ್ಪತ್ತು ವರ್ಷ ಬಾಳಿಯೂ ಒಂದೇ ಒಂದು ಕಟ್ಟಡ ನೋಡಿಲ್ಲ ಎಂದರೆ ನಂಬುತ್ತೀರಾ? ಅವರು ನೋಡುವುದು ಕಟ್ಟಡಗಳ ನಡುವಿನ ಸಂದನ್ನು. ಅಲ್ಲೊಂದು ತುಂಡು ಆಕಾಶ ಕಂಡರೆ ಸಾಕು, "ನೋಡು ಮಾರಾಯ, ಇಲ್ಲಿಂದ ಚೆಂಡು ಹೋಗ್ತದೆ" ಎಂದು ಕನಸಿಗೆ ಜಾರುತ್ತಾರೆ.

ಹಗಲು ಹಡಗು ಕಂಪನಿಯಲ್ಲಿ ಗುಮಾಸ್ತಿಕೆ, ಸಂಜೆ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಡಿಫೆನ್ಸ್ ಕೋಚ್. ಅವರ ಸಲಕರಣೆ ಏನು ಗೊತ್ತೇ? ಉಡುಪಿಯಿಂದ ತಂದ, ಮೈ ಒರೆಸುವ ಮೂರು ಬೈರಾಸು! ಗೋಲಿನ ಮುಂದೆ ಅಡ್ಡ ನಿಲ್ಲುವ ನಾಲ್ವರು ಡಿಫೆಂಡರುಗಳ ಸೊಂಟವನ್ನು ಅವುಗಳಿಂದ ಒಂದಕ್ಕೊಂದು ಕಟ್ಟಿ ಓಡಿಸುತ್ತಿದ್ದರು. ಒಬ್ಬ ಬಿದ್ದರೆ ನಾಲ್ವರೂ ಬೀಳಬೇಕು. ಒಬ್ಬ ಈಜಿಪ್ಟಿನವ, ಒಬ್ಬ ಸಿರಿಯಾದವ, ಒಬ್ಬ ಮಲಯಾಳಿ, ಒಬ್ಬ ನಮ್ಮ ಉಳ್ಳಾಲದ ಬ್ಯಾರಿ ಹುಡುಗ. ನಾಲ್ವರಿಗೂ ಬರುತ್ತಿದ್ದ ಸಮಾನ ಭಾಷೆ ಒಂದೇ ಶಬ್ದದ್ದು: "ಸಂದು".

ಈ ವರ್ಷ ಕಾಲೇಜಿಗೆ ಸರ್ಟಿಫಿಕೇಟು, ಟ್ಯಾಬ್ಲೆಟ್ಟು ಎರಡೂ ಇರುವ ಹೊಸ ಕೋಚ್ ಬಂದರು. ಭಾವ ಮೂರು ಬೈರಾಸುಗಳನ್ನು ಮಡಚಿಕೊಂಡು ಮನೆಗೆ ಬಂದು, "ಖಲಾಸ್" ಎಂದಷ್ಟೇ ಹೇಳಿದರು.

ತಂಡದ ಗತಿ ಆಮೇಲಿನ ಮಾತು, ಮೊದಲು ಕೆಟ್ಟದ್ದು ನಮ್ಮ ಗತಿ. ಬರ್ ದುಬೈಯಿಂದ ಅಬ್ರಾ ದೋಣಿ ಹತ್ತಿದರೆ ಭಾವ ಬೆಂಚಿನ ಮೇಲಿದ್ದವರನ್ನೆಲ್ಲ ಒತ್ತೊತ್ತಾಗಿ ಕೂರಿಸಿದರು. ಇವರೇ ದೋಣಿಯವರೆಂದುಕೊಂಡು ಒಬ್ಬ ಅಜ್ಜಿ ಕೈಗೆ ದಿರ್ಹಮ್ ಇಟ್ಟಳು.

ಮುಸ್ಸಂಜೆಗಳಲ್ಲಿ ಮಿರ್ದಿಫ್‌ನ ಬಾಲ್ಕನಿಯಲ್ಲಿ ಕೂತು, ಧೂಳು ಕವಿದ ಕಿತ್ತಳೆ ಆಕಾಶದಿಂದ ಮೆಲ್ಲಗೆ ಇಳಿದು ಬರುವ ವಿಮಾನಗಳನ್ನು ನೋಡುತ್ತಿದ್ದರು.

"ಎಷ್ಟು ಚಂದದ ಸಾಲು. ಸ್ವಲ್ಪ ಸಂದು ಕಡಿಮೆ ಮಾಡಿದ್ರೆ ಇನ್ನೂ ಚಂದ."

"ಕಡಿಮೆ ಮಾಡಿದ್ರೆ ಒಂದಕ್ಕೊಂದು ಗುದ್ದಿ ನಮ್ಮ ತಲೆ ಮೇಲೆ ಬೀಳ್ತದೆ" ಎಂದಳು ಅಕ್ಕ.

ಭಾವನಿಗೆ ಕೇಳಿಸಲಿಲ್ಲ. "ಒಂದು ಸಲ ಸೋಲ್ಬೇಕು ಅವ್ರು. ಆಗ ಗೊತ್ತಾಗ್ತದೆ, ನಾನು ಎಂತ ಕಲಿಸಿದ್ದು ಅಂತ."

ಅಬುಧಾಬಿಯ ಪಂದ್ಯಕ್ಕೆ ನಾನೇ ಕಾರಿನಲ್ಲಿ ಕರೆದೊಯ್ದೆ. ಒಳಗೆ ಬರಲು ಒಪ್ಪದೆ ತಂತಿ ಬೇಲಿಯ ಹೊರಗೆ ನಿಂತರು. ತಂಡ ಸೋತಿತು, ಐದು ಗೋಲು! ಬಯಸಿದ್ದು ಸಿಕ್ಕಿತಲ್ಲ, ಇನ್ನು ನಗುತ್ತಾರೆಂದು ತಿರುಗಿ ನೋಡಿದೆ. ಭಾವ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಂದ್ಯ ಮುಗಿದ ಮೇಲೂ "ಎಡಕ್ಕೆ, ಎಡಕ್ಕೆ" ಎಂದು ಗೊಣಗುತ್ತಿದ್ದರು.

ಆಟಗಾರರು ದಿಕ್ಕಿಗೊಬ್ಬರಾಗಿ ಹೊರಟರು. ಉಳ್ಳಾಲದ ಹುಡುಗ ಮಾತ್ರ ಗೋಲಿನ ಬಾಯಲ್ಲೇ ಕುಸಿದು ಅಳತೊಡಗಿದ. ಹೊರಟಿದ್ದ ಮೂವರು ಡಿಫೆಂಡರುಗಳು ಒಟ್ಟಿಗೇ ತಿರುಗಿ ಬಂದು, ಅವನ ಸುತ್ತ ಭುಜಕ್ಕೆ ಭುಜ ತಾಗಿಸಿ ಕೂತುಬಿಟ್ಟರು. ಸಮಾಧಾನ ಮಾಡಲು ಬಂದ ಹೊಸ ಕೋಚ್‌ಗೆ ಕೈ ತೂರಿಸಲೂ ಜಾಗವಿರಲಿಲ್ಲ.

ಭಾವ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡರು.

"ಸಂದು ಉಂಟಾ ನೋಡು, ಮಾರಾಯ. ನಂಗೆ ಸರಿ ಕಾಣುದಿಲ್ಲ."

"ಎಲ್ಲಿಯೂ ಇಲ್ಲ, ಭಾವ" ಎಂದೆ.