ವೆಂಡೆಲ್‌ನ ದೋಣಿಗೊಂದು ಟ್ರಕ್ಕು

ಟೌನ್ ಹಾಲಿನ ಸಭೆಯಲ್ಲಿ ವೆಂಡೆಲ್ ಕುಬಿಯಾಕ್ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಕಾಗದದ ಮಿಲ್ಲಿನಲ್ಲಿ ಯಂತ್ರಗಳ ಸದ್ದಿಗೆ ಮೀರಿ ದನಿ ಏರಿಸಿ ಏರಿಸಿ ಪಳಗಿದ ಗಂಟಲು ಅದು. ಮಿಲ್ಲು ಮುಚ್ಚಿ ಮಾಲೀಕರು ಊರು ಬಿಟ್ಟರೂ ಗಂಟಲು ಮಾತ್ರ ಇನ್ನೂ ಕೆಲಸದಲ್ಲೇ ಇತ್ತು.

ಅಂದು ಎದ್ದು ನಿಂತವರು ಮಿಸೆಸ್ ವಿಟ್‌ಕೋಂಬ್. ಟಾಮರಾಕ್ ಸರೋವರದ ಸುತ್ತ ಬಂಗಲೆ ಕಟ್ಟಿಕೊಂಡವರ ಸಂಘಕ್ಕೆ ಅಧ್ಯಕ್ಷೆ. ನೀರಿನ ಅಂಚನ್ನೆಲ್ಲ ಈ ಸಂಘದವರೇ ಕೊಂಡು ಬೇಲಿ ಹಾಕಿಕೊಂಡಿದ್ದರು. ಮಿಲ್ಲಿನ ಕೇರಿಯವರಿಗೆ ಉಳಿದದ್ದು ಒಂದು ದೋಣಿಕಟ್ಟೆ: ದೋಣಿಯನ್ನು ಹಿಮ್ಮುಖವಾಗಿ ನೀರಿಗೆ ಬಿಡಲು ಇಳಿಜಾರಾಗಿ ಹಾಸಿದ, ಎರಡು ಕಾರಿನಗಲದ ಕಾಂಕ್ರೀಟು. ಅದೂ ಈಗ ಸಂಘದವರ ಕಣ್ಣಿಗೆ ಚುಚ್ಚುತ್ತಿತ್ತು.

"ಈ ಬೇಸಿಗೆಯೆಲ್ಲ ಅಲ್ಲಿಂದ ಒಂದೇ ಒಂದು ದೋಣಿ ಇಳಿದಿಲ್ಲ," ಎಂದರು ಮಿಸೆಸ್ ವಿಟ್‌ಕೋಂಬ್, ಸತ್ತವರ ಬಗ್ಗೆ ಮಾತಾಡುವ ಮೆದು ದನಿಯಲ್ಲಿ. "ಮುಚ್ಚಿಬಿಡೋಣ. ಹೂವಿನ ಗಿಡ ಹಾಕೋಣ."

"ನಾನು ಇಳಿಸ್ತೀನಿ!" ಎಂದು ವೆಂಡೆಲ್ ಗುಡುಗಿದ. ಕಿಟಕಿ ಗಾಜು ಅದುರಿತು.

ಸಭೆ ತೀರ್ಮಾನಿಸಿತು: ಸೆಪ್ಟೆಂಬರಿನ ಲೇಬರ್ ಡೇ ಸೂರ್ಯ ಮುಳುಗುವುದರೊಳಗೆ ಒಂದು ದೋಣಿಯಾದರೂ ಇಳಿದರೆ ಕಟ್ಟೆ ಉಳಿಯುತ್ತದೆ, ಇಲ್ಲದಿದ್ದರೆ ಹೂವಿನ ಗಿಡ. ದುಡಿಯುವವರ ಹೆಸರಿನ ರಜೆಯ ದಿನವೇ ದುಡಿಯುವವರ ದಾರಿಗೆ ಬೇಲಿ. ಇದರಲ್ಲಿ ತಮಾಷೆ ಇದೆಯೆಂದು ಆ ಸಭೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ವೆಂಡೆಲ್‌ನ ಹಿತ್ತಿಲಲ್ಲಿ ಒಂದು ಹಾಯಿದೋಣಿ ಇದ್ದದ್ದು ನಿಜ. ಮಿಲ್ಲಿನವರು ಕೊನೆಯದಾಗಿ ಕೊಟ್ಟ ಹಣದಲ್ಲಿ ಕೊಂಡದ್ದು. ಮಾರಿದವನೇ ತಂದು ನಿಲ್ಲಿಸಿ ಹೋದ ಮೇಲೆ ಅದು ಟ್ರೈಲರಿನಿಂದ ಕೆಳಗಿಳಿದಿರಲಿಲ್ಲ. ಈಗ ಅವನು ಹಟ ಹಿಡಿದು ತಯಾರಿಗೆ ನಿಂತ. ದೋಣಿಯ ಜೊತೆ ಬಂದ ಪುಸ್ತಕ ಹೇಳಿದ್ದನ್ನೆಲ್ಲ ಹಿಂದಿನ ದಿನವೇ ಮಾಡಿ ಮುಗಿಸಿದ. ಹಾಯಿ ಒಗೆದ, ಹಗ್ಗ ಬದಲಿಸಿದ, ಗಾಳಿಗೆ ಮಗುಚದಿರಲೆಂದು ದೋಣಿಯ ಹೊಟ್ಟೆಯೊಳಗಿನ ಟ್ಯಾಂಕಿಗೆ ತೋಟದ ಪೈಪಿನಿಂದ ನೀರು ತುಂಬಿದ, ಚಕ್ರಗಳಿಗೆ ಗ್ರೀಸ್ ಮೆತ್ತಿದ.

"ನಲ್ಲೀಲಿ ದಾರದಷ್ಟು ನೀರು ಬರ್ತಿತ್ತು, ಸೋಪು ಮೈಮೇಲೇ ಒಣಗಿ ಹೋಯ್ತು," ಎಂದಳು ಹೆಂಡತಿ ಡೊಲೊರೆಸ್. "ಏನ್ ಮಾಡ್ತಿದ್ದೆ ನೀನು?"

"ಹೋರಾಟ," ಎಂದ ವೆಂಡೆಲ್.

ಲೇಬರ್ ಡೇ ಬೆಳಿಗ್ಗೆ ಹಳೆಯ ಸ್ಟೇಷನ್ ವ್ಯಾಗನ್ ಕಾರಿನ ಹಿಂದಿನ ಕೊಕ್ಕೆಗೆ ಟ್ರೈಲರ್ ಸಿಕ್ಕಿಸಿ ಎಂಜಿನ್ ಹಚ್ಚಿದ. ಕಾರಿನ ಹಿಂಭಾಗ ನೆಲಕ್ಕೆ ಕುಕ್ಕರಿಸಿತು, ಮೂತಿ ಆಕಾಶ ನೋಡಿತು. ಎಷ್ಟು ತುಳಿದರೂ ಹೊಗೆ ಹೊರಟಿತೇ ಹೊರತು ದೋಣಿ ಹೊರಡಲಿಲ್ಲ.

ಸದ್ದಿಗೆ ಪಕ್ಕದ ಮನೆಯ ಗಾರ್ಡಿ, ಎದುರು ಮನೆಯ ನಾರ್ಬ್ ಕಾಫಿ ಲೋಟ ಹಿಡಿದುಕೊಂಡೇ ಓಡಿ ಬಂದರು. ಇಬ್ಬರೂ ಮಿಲ್ಲಿನ ಹಳೆಯ ಗೆಳೆಯರು. ಇಬ್ಬರೂ ಹಾಯಿದೋಣಿಯನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿದವರಲ್ಲ.

"ಈ ಡಬ್ಬಾ ಕಾರಲ್ಲಿ ನಿನ್ನ ಊಟದ ಡಬ್ಬಿ ಎಳೀಬಹುದು ಅಷ್ಟೇ ಕಣೋ," ಎಂದ ಗಾರ್ಡಿ. "ಟ್ರಕ್ಕು ಬೇಕು ನಿಂಗೆ. ಹಿಂದಿನ ತೊಟ್ಟಿ ಉದ್ದ ಇರಬೇಕು, ಅದೇ ಮುಖ್ಯ."

"ತೊಟ್ಟಿ ಕಟ್ಕೊಂಡು ಏನಾಗ್ಬೇಕು? ಸ್ಪ್ರಿಂಗ್ ಗಟ್ಟಿ ಇರಬೇಕು," ಎಂದ ನಾರ್ಬ್. "ಎಂಥಾ ಭಾರ ಹೇರಿದ್ರೂ ಬಗ್ಗಬಾರದು. ಬರೀ ದೋಣಿ ಅಂತಲ್ಲ, ಸುಮ್ನೆ ಒಂದು ಮಾತಿಗೆ ಹೇಳ್ದೆ."

ಅದೃಷ್ಟಕ್ಕೆ ಊರೆಲ್ಲ ಬಾಗಿಲು ಹಾಕುವ ಆ ರಜೆಯಲ್ಲಿ ಟ್ರಕ್ಕು ಮಾರುವವರಿಗೆ ಮಾತ್ರ ಹಬ್ಬ. ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಮನೆಯಷ್ಟು ದೊಡ್ಡ ಬಾವುಟ ಹಾರುತ್ತಿತ್ತು, ಬಿಟ್ಟಿ ಸಾಸೇಜು ಬೇಯುತ್ತಿತ್ತು. ದುಡಿಯುವವರಿಗೆ ಗೌರವ ಎಂದು ಬರೆದ ಬಟ್ಟೆಯ ಕೆಳಗೆ ದುಡಿಯುವವರು ಆರಾರು ವರ್ಷದ ಕಂತಿಗೆ ಸಹಿ ಹಾಕುತ್ತಿದ್ದರು.

ಮಾರಾಟದ ಹುಡುಗ ಟ್ರೆಂಟ್ ನಗುತ್ತ ಬಂದ. "ಏನು ಎಳೀಬೇಕು ಸರ್?"

"ಹಾಯಿದೋಣಿ. ಟಾಮರಾಕ್ ಕಟ್ಟೇಲಿ ಇಳಿಸ್ಬೇಕು, ಇವತ್ತೇ, ಸೂರ್ಯ ಮುಳುಗೋದ್ರೊಳಗೆ." ವೆಂಡೆಲ್ ಸಭೆಯ ಕತೆಯನ್ನೆಲ್ಲ ಹೇಳಿದ. ಟ್ರೆಂಟ್ ಬಾಯಿ ಬಿಟ್ಟುಕೊಂಡು ಕೇಳಿದ.

"ದೋಣಿ ಎಷ್ಟು ಭಾರ ಸರ್?"

"ಚರ್ಚಿನಷ್ಟು," ಎಂದ ಗಾರ್ಡಿ.

"ಗಂಟೆ ಗೋಪುರ ಸೇರಿಸಿ," ಎಂದ ನಾರ್ಬ್.

ಕಾರನ್ನು ಅಂಗಡಿಯಲ್ಲೇ ನಿಲ್ಲಿಸಿ ಮೂವರೂ ಒಂದು ಸಣ್ಣ ಟ್ರಕ್ಕನ್ನು ಪರೀಕ್ಷೆಗೆ ತಂದರು. ಹಿತ್ತಿಲ ಹಸಿ ಹುಲ್ಲಿನ ಮೇಲೆ ಅದರ ಚಕ್ರ ಬುಗುರಿಯಂತೆ ತಿರುಗಿ ಡೊಲೊರೆಸ್‌ಳ ಟೊಮ್ಯಾಟೊ ಗಿಡಗಳ ಮೇಲೆಲ್ಲ ಕೆಸರು ಎರಚಿತು. ಹಿಂದಿರುಗಿಸಿ ಮಧ್ಯಮದ್ದನ್ನು ತಂದರು. ಅದು ದೋಣಿಯನ್ನು ಬೀದಿಗೆ ಎಳೆದೇಬಿಟ್ಟಿತು. ವೆಂಡೆಲ್‌ನ ಮುಖ ಅರಳಿತು.

"ಸಾಕಲ್ವಾ ಇದು?"

"ನಿಟ್ಟುಸಿರು ಬಿಡ್ತು, ಕೇಳಿಸ್ಲಿಲ್ವಾ?" ಎಂದ ಗಾರ್ಡಿ. "ತೊಟ್ಟಿನೂ ಗಿಡ್ಡ."

"ಹಿಂಭಾಗ ಬಗ್ಗಿತು, ನಾನೇ ನೋಡಿದೆ," ಎಂದ ನಾರ್ಬ್. "ಕಟ್ಟೇಲಿ ಆ ಬಂಗಲೆಯವರ ಮುಂದೆ ಇದು ಕೈಕೊಟ್ರೆ? ನಗಾಡ್ಕೊಂಡು ಫೋಟೋ ಹಿಡೀತಾರೆ!"

ಬಂಗಲೆಯವರ ನಗು ನೆನೆದದ್ದೇ ತಡ, ವೆಂಡೆಲ್‌ನ ಕತ್ತಿನ ನರ ಉಬ್ಬಿತು. ಮಧ್ಯಾಹ್ನ ಜಾರುವ ಹೊತ್ತಿಗೆ ಅಂಗಡಿಯಲ್ಲೇ ಅತಿ ದೊಡ್ಡ ಟ್ರಕ್ಕಿನ ಬೀಗದ ಕೈ ಅವನ ಕೈಯಲ್ಲಿತ್ತು. ಹಿಂದೆ ಜೋಡಿ ಜೋಡಿ ಚಕ್ರ, ಹತ್ತಲು ಮೆಟ್ಟಿಲು. ಹಳೆಯ ವ್ಯಾಗನ್ನನ್ನು ಬದಲಿಗೆ ಬಿಟ್ಟುಕೊಟ್ಟ. ಅದರ ಕೊಕ್ಕೆಯನ್ನು ಟ್ರೆಂಟ್ ಅದೇಕೋ ಮಗುವಿನ ಕೆನ್ನೆ ಸವರುವಂತೆ ಸವರುತ್ತಿದ್ದುದು ಗಡಿಬಿಡಿಯಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಆ ಟ್ರಕ್ಕು ದೋಣಿಯನ್ನು ಎಳೆದದ್ದು ಆನೆ ಹೂವಿನ ಹಾರ ಎಳೆದಂತೆ. ಕೇರಿಯವರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು, ಬಿಯರ್ ಎತ್ತಿ ಹಿಡಿದರು. ವೆಂಡೆಲ್ ಹಾರ್ನ್ ಒತ್ತಿದ. ನಾಯಿಗಳೆಲ್ಲ ಮಂಚದಡಿ ಸೇರಿದವು.

ಕಟ್ಟೆಗೆ ಹೋಗಲು ಇರುವುದು ಒಂದೇ ದಾರಿ, ನಡುವೆ ಹಳೆಯ ಮರದ ಸೇತುವೆ. ಬಂಗಲೆಯವರಿಗಾದರೆ ಗೇಟು ಹಾಕಿದ ಅವರದೇ ರಸ್ತೆ ಬೇರೆ ಇತ್ತು. ಸೇತುವೆಯ ಬಾಯಲ್ಲಿ ಕುರ್ಚಿ ಹಾಕಿ ಕೂತಿದ್ದ ಪೊಲೀಸ ಕೈ ಅಡ್ಡ ಹಿಡಿದ.

"ವೆಂಡೆಲ್, ಬೋರ್ಡು ಓದು."

ಬೋರ್ಡು ಆ ಬೇಸಿಗೆಯಲ್ಲಿ ಸಂಘದವರು ಹೇಳಿ ಹಾಕಿಸಿದ್ದು: ಎರಡು ಟನ್ನಿಗಿಂತ ಭಾರದ ವಾಹನಗಳಿಗೆ ಪ್ರವೇಶವಿಲ್ಲ. ಹಗುರ ಕಾರಿನಲ್ಲಿ ನೂರು ಸಲ ಅದರ ಪಕ್ಕ ಹಾದಿದ್ದ ವೆಂಡೆಲ್‌ಗೆ ಅದು ತನಗೆ ಬರೆದದ್ದೆಂದು ಎಂದೂ ಅನ್ನಿಸಿರಲಿಲ್ಲ.

"ದೋಣಿ ಬಿಚ್ಚಿದ್ರೂ ನಿನ್ನ ಟ್ರಕ್ಕೊಂದೇ ನಾಲ್ಕು ಟನ್ ಇದೆ ಮಾರಾಯ," ಎಂದ ಪೊಲೀಸ. "ಸೇತುವೆ ಮುರಿದ್ರೆ ಬಂಗಲೆಯವ್ರು ಹೊಸದು ಕಟ್ತಾರೆ ಅಂದ್ಕೊಂಡಿದ್ದೀಯಾ?"

ಸೂರ್ಯ ಪೈನ್ ಮರಗಳ ತುದಿ ಮುಟ್ಟಿದ್ದ. ಆಚೆ ದಡದ ಕಟ್ಟೆಯ ಬಳಿ ಮಿಸೆಸ್ ವಿಟ್‌ಕೋಂಬ್ ಹೂವಿನ ಕುಂಡವನ್ನೂ ಜೊತೆಗೇ ತಂದು ಕೂತಿರುವುದು ಇಲ್ಲಿಗೇ ಕಾಣುತ್ತಿತ್ತು.

"ಬಿಚ್ಚಿ!" ಎಂದ ವೆಂಡೆಲ್. "ಕೈಯಲ್ಲೇ ತಳ್ಳೋಣ!"

ಮೂವರೂ ಟ್ರೈಲರಿಗೆ ಹೆಗಲು ಕೊಟ್ಟರು. ನಾರ್ಬ್‌ನ ಪ್ಯಾಂಟಿನ ಹೊಲಿಗೆ ಬಿಟ್ಟಿತು, ದೋಣಿ ಜಗ್ಗಲಿಲ್ಲ. ಆಗ ಹಿಂದಿನಿಂದ ಪರಿಚಿತ ಹಾರ್ನ್ ಕೇಳಿಸಿತು. ನೆಗಡಿಯಾದ ಬಾತುಕೋಳಿಯ ಆ ದನಿ ವೆಂಡೆಲ್‌ನ ಹಳೆಯ ವ್ಯಾಗನ್ನಿನದೇ. ಒಳಗೆ ಟ್ರೆಂಟ್. ಹಿಂದೆ ಟ್ರೈಲರಿನ ಮೇಲೆ, ವೆಂಡೆಲ್‌ನದಕ್ಕೆ ಅವಳಿಯಂಥ ಹಾಯಿದೋಣಿ ಗಾಳಿಪಟದಷ್ಟು ಸಲೀಸಾಗಿ ಬರುತ್ತಿತ್ತು.

"ಅದ್ಹೇಗೋ ಎಳೀತಿದೆ ಅದು?" ಎಂದು ವೆಂಡೆಲ್ ತೊದಲಿದ.

ಟ್ರೆಂಟ್ ಇಳಿದು ಬಂದು ವೆಂಡೆಲ್‌ನ ದೋಣಿಗೆ ಬೆರಳಿನಿಂದ ತಟ್ಟಿದ. ದಪ್ ದಪ್ ಎಂದಿತು. "ಸರ್, ಟ್ಯಾಂಕಿಗೆ ನೀರು ತುಂಬ್ಕೊಂಡು ಬಂದಿದ್ದೀರಾ? ನೀರು ಅಲ್ಲೇ ಇದ್ಯಲ್ಲ, ಇಡೀ ಸರೋವರ! ಇಳಿಸಿದ್ಮೇಲೆ ತಾನೇ ತುಂಬ್ಕೊಳ್ಳತ್ತೆ."

ಬಗ್ಗಿ ತಳದ ಬಿರಡೆ ಎಳೆದ. ಡೊಲೊರೆಸ್‌ಳ ಸ್ನಾನದ ನೀರೆಲ್ಲ ಬಳಬಳನೆ ರಸ್ತೆಗೆ ಹರಿಯತೊಡಗಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ನಿನ್ನ ಟ್ರಕ್ಕು ಈ ಸೇತುವೆ ದಾಟಲ್ಲ ಅಂತ ಗೊತ್ತಿತ್ತಾ ನಿಂಗೆ?" ಎಂದ ವೆಂಡೆಲ್ ಹಲ್ಲು ಕಚ್ಚಿ.

"ನಮ್ಮ ಅಂಗಡೀದು ಯಾವುದೂ ದಾಟಲ್ಲ ಸರ್. ಅದಕ್ಕೇ ಅಪ್ಪನ ದೋಣಿ ಇಟ್ಕೊಂಡು ಬೇಸಿಗೆಯೆಲ್ಲ ಕೊಕ್ಕೆ ಇರೋ ಹಗುರ ಕಾರು ಹುಡುಕ್ತಿದ್ದೆ. ನೀವು ಹೊರಟ ತಕ್ಷಣ ನಾನೇ ಕೊಂಡ್ಬಿಟ್ಟೆ." ಟ್ರೆಂಟ್ ಕಿವಿ ಕೆರೆದುಕೊಂಡ. "ನೀವು ಎಳೆಯೋ ಟ್ರಕ್ಕು ಕೇಳಿದ್ರಿ, ಎಳೆಯೋದನ್ನೇ ಕೊಟ್ಟೆ. ದಾಟೋದು ಅಂತ ಕೇಳ್ಲಿಲ್ಲ. ತಡೀರಿ, ನಿಮ್ಮ ನೀರು ಖಾಲಿಯಾಗ್ಲಿ, ಮೊದಲು ನಿಮ್ಮದನ್ನೇ ಎಳೀತೀನಿ."

ವೆಂಡೆಲ್ ನೀರಿನ ಧಾರೆ ನೋಡಿದ, ಸೂರ್ಯನನ್ನು ನೋಡಿದ. ಧಾರೆ ದಪ್ಪವಿತ್ತು, ಸೂರ್ಯ ತೆಳ್ಳಗಾಗಿದ್ದ.

"ನಿಲ್ಲಬೇಡ! ಹೋಗು! ನಿಂದನ್ನೇ ಇಳಿಸು!" ಎಂದು ಗುಡುಗಿದ. "ಯಾರ ದೋಣಿ ಆದ್ರೇನು, ಕಟ್ಟೆ ಉಳೀಬೇಕು!"

ಹಗುರ ಕಾರೆಂದು ಪೊಲೀಸ ಕೈ ಇಳಿಸಿದ, ವ್ಯಾಗನ್ ಸೇತುವೆ ದಾಟಿತು. ಮೂವರೂ ಹಿಂದೆ ಓಡಿದರು, ಪೊಲೀಸನೂ ಓಡಿದ. ಸೂರ್ಯ ನೀರಿಗಿಳಿಯುವ ಮುಂಚೆ ದೋಣಿ ನೀರಿಗಿಳಿಯಿತು. ಮಿಸೆಸ್ ವಿಟ್‌ಕೋಂಬ್ ಕುಂಡ ಎತ್ತಿಕೊಂಡು, ತಮ್ಮ ಗೇಟಿನ ಕಡೆಗೆ ನಡೆದರು. ಕೇರಿಯ ಜನ ಬಂದು ಟ್ರೆಂಟ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಕತ್ತಲಾಗುವಾಗ ವೆಂಡೆಲ್ ತನ್ನ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತಿದ್ದ. ಗಾರ್ಡಿ ಬಂದು ಕೆಮ್ಮಿದ.

"ಗೆದ್ವಲ್ಲೋ! ಅಂದ ಹಾಗೆ, ನಾಳೆ ಬೆಳಿಗ್ಗೆ ಬಿಡುವಿದ್ಯಾ? ಎರಡು ತೊಟ್ಟಿ ಜಲ್ಲಿ ತರೋದಿತ್ತು."

"ಜಲ್ಲಿ ಆಮೇಲೆ," ಎಂದ ನಾರ್ಬ್, ಹರಿದ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು. "ಮೊದಲು ನಮ್ಮತ್ತೆ ಪಿಯಾನೋ."

ಉದ್ದ ತೊಟ್ಟಿಯ, ಗಟ್ಟಿ ಸ್ಪ್ರಿಂಗಿನ ಒಳಗುಟ್ಟು ವೆಂಡೆಲ್‌ಗೆ ಆಗ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಟ್ರೆಂಟ್ ಬಂದು ಕೈ ಕುಲುಕಿದ.

"ಸರ್, ಕೇಳೋಕೆ ನಾಚಿಕೆ. ಶನಿವಾರ ಮನೆ ಬದಲಾಯಿಸ್ತಿದ್ದೀನಿ. ಸೋಫಾ, ಮಂಚ ಎಲ್ಲ ಇದೆ. ನಿಮ್ಮ ಹತ್ರ ಹೇಗೂ ಟ್ರಕ್ಕಿದೆ…"

ವೆಂಡೆಲ್ ಎದ್ದು ನಿಂತ. "ಆಗ್ಲಿ. ಒಂದೇ ಷರತ್ತು. ಮುಂದಿನ ಬೇಸಿಗೇಲಿ ಆ ಕಾರಲ್ಲಿ ನನ್ನ ದೋಣಿ ಸೇತುವೆ ದಾಟಿಸ್ಬೇಕು. ಅವ್ರು ಮತ್ತೆ ಕುಂಡ ತರ್ತಾರೆ, ನಂಗೆ ಗೊತ್ತು."

"ಅಯ್ಯೋ, ದಾಟಿಸ್ತಿದ್ದೆ ಸರ್," ಎಂದ ಟ್ರೆಂಟ್. "ಆದ್ರೆ ಮನೆ ಬದಲಾಯಿಸ್ತಿರೋದು ಷಿಕಾಗೋಗೆ. ಕಾರು, ದೋಣಿ ಎರಡೂ ನನ್ನ ಜೊತೇಲೇ ಬರ್ತಿದೆ."

ವೆಂಡೆಲ್ ಸೇತುವೆಯ ಕಡೆ ಒಮ್ಮೆ, ಬೋರ್ಡಿನ ಕಡೆ ಒಮ್ಮೆ ನೋಡಿದ. ಮೆಟ್ಟಿಲು ಹತ್ತಿ ಎಂಜಿನ್ ಹಚ್ಚಿದ. ಇಡೀ ಸರೋವರವನ್ನೇ ದಡದ ಬಂಗಲೆಗಳ ಸಮೇತ ಎಳೆದೊಯ್ಯಬಲ್ಲೆ ಎನ್ನುವಂತೆ ಟ್ರಕ್ಕು ಗರ್ಜಿಸಿತು.

"ಶನಿವಾರ ಎಷ್ಟು ಗಂಟೆಗೆ ಬರ್ಲಿ?" ಎಂದು ಕಿಟಕಿಯಿಂದ ಕೂಗಿದ.